ಕುರಿಯ ಕೊರಳಲ್ಲಿ ಮೂರು ಬಿಲ್ಲೆ

ಆ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸವೆಂದರೆ ಕುರಿಗಳ ಕಿವಿ ಚುಚ್ಚುವುದು. ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಮರಾಠಿ ರಾಜ್ಯಕ್ಕೆ ಸೇರಿದ ಜತ್ತ ತಾಲೂಕಿನ, ಕನ್ನಡ ಮಾತಿನ ಗಡಿಯಂಚಿನ ಒಂದು ದನದ ದವಾಖಾನೆಯಲ್ಲಿ ನಾನು ಸ್ಟಾಕ್‌ಮನ್ ಆಗಿದ್ದೆ. ಡಾಕ್ಟರ ಕೈಕೆಳಗಿನ ನೌಕರ ಅಷ್ಟೆ. ಡಾಕ್ಟರು ಜತ್ತದಲ್ಲೇ ಇರುತ್ತಿದ್ದುದರಿಂದ ಹಳ್ಳಿಯವರು ನನ್ನನ್ನೇ ಡಾಕ್ಟರ್ ಎಂದು ಕರೆಯುತ್ತಿದ್ದರು, ನಾನೂ ಬೇಡ ಅನ್ನುತ್ತಿರಲಿಲ್ಲ.

ಸಣ್ಣ ಕುರಿಗಾರರಿಗೆಂದು ಹೊಸದಾಗಿ ಕುರಿ ವಿಮೆ ಬಂದಿತ್ತು. ಕಂತಿನ ಬಹುಪಾಲು ಸರಕಾರವೇ ತುಂಬುತ್ತಿತ್ತು. ಪ್ರತಿ ಕುರಿಯ ಕಿವಿಗೆ ನಂಬರ್ ಒತ್ತಿದ ಅಲ್ಯೂಮಿನಿಯಂ ಬಿಲ್ಲೆ ಹಾಕಬೇಕು. ಕುರಿ ರೋಗಕ್ಕೋ ಸಿಡಿಲಿಗೋ ಸತ್ತರೆ ಬಿಲ್ಲೆಯ ಸಮೇತ ಕಿವಿ ಕತ್ತರಿಸಿ ಉಪ್ಪಿನಲ್ಲಿಡಬೇಕು. ವಿಮೆ ಕಚೇರಿಯ ಸಾಹೇಬರು ಬಂದು ಆ ಕಿವಿ ನೋಡಿ ಪಂಚನಾಮೆ ಬರೆದರೆ ಹೊಸ ಕುರಿ ಕೊಳ್ಳಲು ಭರಪಾಯಿ, ಅಂದರೆ ಪರಿಹಾರದ ಹಣ, ಸಿಗುತ್ತದೆ. ಕೇಳಲಿಕ್ಕೆ ಇಷ್ಟು ಸರಳ.

ಮಾಡಲಿಕ್ಕೆ ಹೋದಾಗ ಮೊದಲ ದಿನವೇ ಸೋತು ಬಂದೆ. ಅಸಂಗಿಯ ಹೊರಗಿನ ಬಯಲಿನಲ್ಲಿ ಕುರಿಗಾರರ ದೊಡ್ಡಿಗಳಿದ್ದವು. ನಾನು ಸೈಕಲ್ ನಿಲ್ಲಿಸಿ, ಕಾಗದ ತೆಗೆದು, ‘ಎಷ್ಟು ಕುರಿ ಅದಾವ?’ ಎಂದು ಕೇಳಿದ್ದೇ ತಡ, ಎಲ್ಲರ ಮುಖ ಬಿಗಿಯಿತು. ಒಬ್ಬ ಬೀಡಿ ಹಚ್ಚಿದ, ಇನ್ನೊಬ್ಬ ನಾಯಿಯನ್ನು ಬೈಯತೊಡಗಿದ. ಕುರಿ ಎಣಿಸಬಾರದು, ಎಣಿಸಿದರೆ ಹಿಂಡು ಇಳಿಯುತ್ತದೆ ಎಂಬುದು ಅವರ ನಂಬಿಕೆ. ಅಲ್ಲಿಯ ಹಿರಿಯಜ್ಜ ನನ್ನನ್ನು ಕಂಬಳಿಯ ಮೇಲೆ ಕೂರಿಸಿ ಮೆಲ್ಲಗೆ ಹೇಳಿದ: ‘ಡಾಕ್ಟರ್ರ, ನಿಮ್ಮ ಮನ್ಯಾಗ ಮಕ್ಕಳು ಎಷ್ಟ್ ರೊಟ್ಟಿ ತಿಂತಾವ ಅಂತ ನಾವು ಬಂದು ಎಣಸಿದ್ರ ಚಲೋ ಕಾಣತೈತೇನ್ರಿ?’

ನನಗೆ ಸಿಟ್ಟು ಬೇಗ ಬರುತ್ತದೆ. ಸರಕಾರ ಮನೆ ಬಾಗಿಲಿಗೆ ಬಂದು ಕೊಡುತ್ತೇನೆ ಅಂದರೆ ಇವರದೇನು ಬಿಂಕ ಎಂದು ದಾರಿಯುದ್ದಕ್ಕೂ ಗೊಣಗುತ್ತ ಬಂದೆ. ನನ್ನ ಹೆಂಡತಿ ಯಳವಿ ಎಂಬ ಊರಿನ ಬಟ್ಟೆ ಅಂಗಡಿಕಾರರ ಮನೆತನದವಳು. ಗಿರಾಕಿಯ ಮನಸ್ಸು ನೋಡಿ ಮಾತಾಡುವುದು ಅವಳಿಗೆ ರಕ್ತದಲ್ಲೇ ಬಂದಿದೆ. ನನ್ನ ಗೊಣಗಾಟವನ್ನೆಲ್ಲ ಕೇಳಿ, ‘ಕುರಿ ಎಣಸಬ್ಯಾಡ್ರಿ, ಬಿಲ್ಲೆ ಎಣಸ್ರಿ’ ಅಂದಳು.

ಮರುದಿನ ಹಾಗೇ ಮಾಡಿದೆ. ಬುಟ್ಟಿಯೊಂದರಲ್ಲಿ ಬಿಲ್ಲೆ ಎಣಿಸಿ ಸುರಿದುಕೊಂಡು ಹೋದೆ. ದೊಡ್ಡಿಯ ಬಾಯಿಯಿಂದ ಕುರಿ ಒಂದೊಂದೇ ಹೊರಗೆ ಬರಬೇಕು, ಬಂದ ಹಾಗೆ ಕಿವಿಗೆ ಬಿಲ್ಲೆ. ಕೊನೆಗೆ ಬುಟ್ಟಿಯಲ್ಲಿ ಉಳಿದದ್ದನ್ನು ದೂರದ ಬೇವಿನ ಮರದ ಕೆಳಗೆ ಕುಳಿತು ನಾನು ಎಣಿಸುವುದು. ಕುರಿಯ ಸಂಖ್ಯೆ ಯಾರ ಬಾಯಿಂದಲೂ ಬರಲಿಲ್ಲ, ಕಾಗದಕ್ಕೆ ಮಾತ್ರ ಬಂತು. ಹಿರಿಯಜ್ಜ ಇದನ್ನು ಕಂಡು ಬೊಚ್ಚುಬಾಯಿ ತೆರೆದು ನಕ್ಕ, ಆದರೆ ತನ್ನ ಹಿಂಡನ್ನು ಮಾತ್ರ ತರಲಿಲ್ಲ. ‘ಮೊದಲ ಯಾರದರ ನೋಡೂಣು’ ಅಂದ.

ಮೊದಲು ಬಂದವಳು ಬಾಳವ್ವ, ಅವತ್ತು ಬಂದವಳೂ ಅವಳೊಬ್ಬಳೇ. ಗಂಡ ಸತ್ತು ಕೆಲವು ವರ್ಷಗಳಾಗಿದ್ದವು. ಇಬ್ಬರು ಹೆಣ್ಣುಮಕ್ಕಳು, ಒಂದು ಹಿಂಡು, ಒಂದು ಮುದಿ ನಾಯಿ, ಇಷ್ಟೇ ಅವಳ ಸಂಸಾರ. ಅಣ್ಣ ತಮ್ಮಂದಿರಿಲ್ಲ. ಹಿಂಡು ಹೋದರೆ ಇನ್ನೊಬ್ಬರ ಕುರಿ ಹಿಂದೆ ಕೂಲಿಗೆ ಹೋಗಬೇಕು, ಮಕ್ಕಳನ್ನೂ ಕೂಲಿಗೆ ಹಚ್ಚಬೇಕು. ಅದೊಂದು ಹೆದರಿಕೆ ಬಿಟ್ಟರೆ ಬೇರೆ ಯಾವುದಕ್ಕೂ ಅವಳು ಹೆದರುವ ಹೆಣ್ಣಲ್ಲ. ‘ಹಾಕ್ರಿ ಡಾಕ್ಟರ್ರ, ನನ್ನ ಕಿವ್ಯಾಗೂ ಒಂದು ಹಾಕ್ರಿ ಬೇಕಾದ್ರ’ ಎಂದು ಟಗರೊಂದರ ಕೊಂಬು ಹಿಡಿದು ಎಳೆದು ತಂದಳು.

ಅವಳ ಹಿಂಡಿಗೆ ಬಿಲ್ಲೆ ಹಾಕಿ ಮುಗಿಸಿದ ಮೇಲೆ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: ‘ಕುರಿಗೆ ಏನರ ಆದ್ರ ಬಿಲ್ಲೆ ಕಳೀಬ್ಯಾಡ್ರಿ. ಬಿಲ್ಲೆ ಭಾಳ ಜ್ವಾಕಿ ಮಾಡ್ರಿ. ಬಿಲ್ಲೆ ಹೋತು ಅಂದ್ರ ಭರಪಾಯಿ ಹೋತು.’ ಕಿವಿಯನ್ನು ಬಿಲ್ಲೆಯ ಜೊತೆಗೇ ಉಪ್ಪಿನಲ್ಲಿಡಬೇಕು ಎಂದೂ ಹೇಳಿದ್ದೆ. ಆದರೆ ಆ ಹೊತ್ತಿಗೆ ಎಲ್ಲರೂ ತಮ್ಮ ಕುರಿಗಳ ಬೊಬ್ಬೆಯಲ್ಲಿದ್ದರು. ಜ್ವಾಕಿ ಎಂಬ ಮಾತೊಂದು ಅವರ ತಲೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತು. ಅದರ ಫಲ ಆಮೇಲೆ ಗೊತ್ತಾಯಿತು.

ಉಣ್ಣೆ ಕತ್ತರಿಸಿದ ವಾರದಲ್ಲೇ ಆಣೆಕಲ್ಲಿನ ಮಳೆ ಬಂತು. ಮಧ್ಯಾಹ್ನ ಸುಡು ಬಿಸಿಲು, ಸಂಜೆಯ ಮುಂದೆ ನಿಂಬೆಹಣ್ಣಿನಷ್ಟು ದಪ್ಪ ಆಣೆಕಲ್ಲು. ಮೈಮೇಲೆ ಉಣ್ಣೆ ಇಲ್ಲದ ಕುರಿ ಚಳಿ ತಡೆಯುವುದಿಲ್ಲ. ಹೆದರಿದಾಗ ಒಂದರ ಮೇಲೊಂದು ಒತ್ತುತ್ತವೆ, ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಬಾಳವ್ವನ ಹಿಂಡು ಆ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಮೇಯುತ್ತಿತ್ತು. ಉಳಿದವರ ಹಿಂಡುಗಳು ದೊಡ್ಡಿ ಸೇರಿಯಾಗಿತ್ತು. ಹೀಗಾಗಿ ಪೆಟ್ಟು ಬಿದ್ದದ್ದು ಬಹುಮಟ್ಟಿಗೆ ಅವಳೊಬ್ಬಳಿಗೇ, ಅವಳ ಹಿಂಡಿನ ಬಹುಪಾಲು ಸತ್ತಿತ್ತು. ನನಗೆ ಸುದ್ದಿ ಬಂದಾಗ ಹಳ್ಳ ತುಂಬಿ ಹರಿಯುತ್ತಿತ್ತು. ವಿಮೆ ಸಾಹೇಬರಿಗೆ ತಂತಿ ಕಳಿಸಿ, ಮೂರನೆಯ ದಿನ ನೀರು ಇಳಿದ ಕೂಡಲೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿದೆ.

ದಾರಿಯಲ್ಲಿ ಬಾಳವ್ವನಿಗೆ ಏನು ಸಮಾಧಾನ ಹೇಳಲಿ ಎಂದು ಯೋಚಿಸುತ್ತ ಹೋದೆ. ಎಲ್ಲರಿಗಿಂತ ಮೊದಲು ನನ್ನ ಮಾತು ನಂಬಿದವಳು ಅವಳು, ಅವಳಿಗೆ ಭರಪಾಯಿ ಬಂದರೆ ಮಾತ್ರ ಉಳಿದವರು ನಂಬುತ್ತಾರೆ ಎಂಬ ಲೆಕ್ಕವೂ ತಲೆಯಲ್ಲಿತ್ತು. ದೊಡ್ಡಿ ಹತ್ತಿರ ಬಂದಾಗ ಕಂಡದ್ದೇ ಬೇರೆ. ಬಾಳವ್ವ ಕುರಿ ಹೊಡೆದುಕೊಂಡು ಮೇಯಿಸಲು ಹೊರಟಿದ್ದಳು. ಹಿಂಡು ಸಣ್ಣದಾಗಿತ್ತು, ಆದರೆ ಹಿಂಡು ಇತ್ತು. ಕುರಿಗಳು ನಡೆದರೆ ಗಿಲಿಗಿಲಿ ಸದ್ದು. ಹತ್ತಿರ ಹೋಗಿ ನೋಡುತ್ತೇನೆ, ಹೆಚ್ಚಿನವುಗಳ ಕೊರಳಲ್ಲಿ ಕರಿ ಉಣ್ಣೆ ದಾರ, ದಾರದಲ್ಲಿ ನಾನು ಹಾಕಿದ್ದ ಬಿಲ್ಲೆ. ಕೆಲವಕ್ಕೆ ಎರಡು. ಒಂದು ದಪ್ಪ ಕುರಿಗಂತೂ ಮೂರು.

‘ಬಾಳವ್ವಕ್ಕಾ, ಇದೇನು ಇದು?’

‘ಸತ್ತ ಕುರಿದು ಬಿಲ್ಲೆ ಅದಾವ್ರಿ. ಜ್ವಾಕಿ ಮಾಡು ಅಂದಿದ್ರಲ್ಲ. ಕುರಿ ಕೊಳ್ಳಿಗಿಂತ ಜ್ವಾಕಿ ಜಾಗಾ ನನ್ನ ಹತ್ತರ ಎಲ್ಲೈತ್ರಿ? ಗುಡಸಲಾ ಸೋರತೈತಿ.’

‘ಈ ಕುರಿ ಯಾವು?’

‘ಕೊಟ್ಟಾವ್ರಿ. ಕಂಬಳಿ ತಿರಗಿತ್ತು.’

ಹಿರಿಯಜ್ಜ ಬಂದು ಬಿಡಿಸಿ ಹೇಳಿದ. ಯಾರದಾದರೂ ಹಿಂಡಿಗೆ ಹಾನಿಯಾದರೆ ಆ ಮನೆಯವರು ಬಾಯಿ ಬಿಟ್ಟು ಕೇಳಬಾರದು. ಬೇರೆಯವನೊಬ್ಬ ಆ ಮನೆಯ ಕಂಬಳಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ದೊಡ್ಡಿಯಿಂದ ದೊಡ್ಡಿಗೆ ಹೋಗಿ, ಕುಡಿಯಲು ನೀರು ಕೇಳುತ್ತಾನೆ. ಅಷ್ಟೇ. ಕಂಬಳಿ ಕಂಡವರಿಗೆ ತಿಳಿಯುತ್ತದೆ. ಮನೆಗೊಂದು ಹೆಣ್ಣು ಕುರಿ ಬಿಟ್ಟುಕೊಡುತ್ತಾರೆ. ಬಿಟ್ಟ ಕುರಿ ಕೊಟ್ಟವರ ಮನೆಗೆ ತಿರುಗಿ ಬರಬಾರದು. ಮುಂದೆ ಕಂಬಳಿ ನಿಮ್ಮ ಬಾಗಿಲಿಗೆ ಬಂದಾಗ ನೀವು ಬಿಡಬೇಕು. ಬಾಳವ್ವನ ಕಂಬಳಿ ಹೊತ್ತು ಬಾಲಗಾಂವದವರೆಗೆ ಹೋಗಿ ಬಂದವನು ಇದೇ ಅಜ್ಜ.

ಬಿಲ್ಲೆಯ ಸಂಗತಿಯೂ ಆಗ ತಿಳಿಯಿತು. ಅವರಲ್ಲಿ ಪ್ರತಿ ಮನೆಗೂ ಒಂದು ಕಿವಿ ಗುರುತು ಇರುತ್ತದೆ, ತುದಿ ಕತ್ತರಿಸಿದ್ದೋ ಅಂಚು ಸೀಳಿದ್ದೋ. ಕುರಿ ಬದಲಾದರೂ ಗುರುತು ಮನೆತನದ್ದು. ನನ್ನ ಬಿಲ್ಲೆಯನ್ನೂ ಅವರು ಹಾಗೇ ತಿಳಿದುಕೊಂಡಿದ್ದರು. ಅದು ಆ ಕುರಿಯ ನಂಬರ್ ಅಲ್ಲ, ಬಾಳವ್ವನ ಮನೆಯ ನಂಬರ್. ಕುರಿ ಸತ್ತರೆ ಬಿಲ್ಲೆ ಯಾಕೆ ಸಾಯಬೇಕು? ಸತ್ತ ಕುರಿಗಳ ಕಿವಿ ಸೀಳಿ ಬಿಲ್ಲೆ ಬಿಡಿಸಿಕೊಂಡು, ಬಂದ ಕುರಿಗಳಿಗೆ ಹಂಚಿದರು. ಬಿಲ್ಲೆ ಹೆಚ್ಚು, ಕುರಿ ಕಡಿಮೆ. ಆದ್ದರಿಂದ ಗಟ್ಟಿಮುಟ್ಟಾದ ಕುರಿಗಳಿಗೆ ಎರಡು, ಮೂರು.

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ವಿಮೆಯ ಕಾಗದದ ಪ್ರಕಾರ ಯಾವ ನಂಬರಿನ ಕುರಿ ಸತ್ತಿತ್ತೋ ಆ ನಂಬರಿನ ಕುರಿ ನನ್ನೆದುರು ಜಾಲಿಕಾಯಿ ಮೆಲ್ಲುತ್ತಿತ್ತು. ಉಪ್ಪಿನಲ್ಲಿಟ್ಟ ಕಿವಿ ಒಂದೂ ಇಲ್ಲ. ಸತ್ತ ಕುರಿ ತಿನ್ನುವ ರೂಢಿ ಆ ದೊಡ್ಡಿಗಳಲ್ಲಿಲ್ಲವಾದ್ದರಿಂದ ಎಲ್ಲವನ್ನೂ ಗುಂಡಿಗೆ ಹಾಕಿ ಮುಚ್ಚಿಯಾಗಿತ್ತು. ಬಂದ ಕುರಿಗಳಿಂದ ಬಾಳವ್ವನ ಸಂಸಾರ ಉಸಿರು ಹಿಡಿಯಬಹುದಿತ್ತೇ ಹೊರತು ವರ್ಷ ಸಾಗುವಂತಿರಲಿಲ್ಲ. ಭರಪಾಯಿ ಬರದಿದ್ದರೆ ದೊಡ್ಡ ಮಗಳು ಕೂಲಿಗೆ ಹೋಗುವುದೇ ಸೈ.

ಪರಿಸ್ಥಿತಿ ತಿಳಿಸಿದಾಗ ಹಿರಿಯಜ್ಜ ಗಳಿಗೆಯೂ ತಡಮಾಡಲಿಲ್ಲ. ‘ಇದಕ್ಯಾಕ ಚಿಂತಿ? ಸಾಯೇಬ ಬರೂದು ನಾಳಿಗೆ. ಇವತ್ತ ಕೊಳ್ಳಾಗಿನ ಬಿಲ್ಲೆ ಬಿಚ್ಚಿ ಗಡಿಗ್ಯಾಗ ಹಾಕೂಣು. ಕಿವಿ ನಾಯಿ ತಿಂತು ಅನ್ನೂಣು. ಕೊಟ್ಟ ಕುರೀನ ನಮ್ಮ ಹಿಂಡಿನ್ಯಾಗ ಬಿಟಗೊಂಡ್ರ ಆತು. ಅಂವ ಹ್ವಾದ ಮ್ಯಾಲ ಮತ್ತ ಇಲ್ಲಿ ತಂದು ಬಿಡತೀವಿ.’

ಸುಲಭದ ಉಪಾಯವೇ. ಸತ್ತದ್ದು ಸುಳ್ಳಲ್ಲ, ಹಾನಿ ಸುಳ್ಳಲ್ಲ. ಕುರಿಯ ಕೊರಳಿಂದ ದಾರ ಬಿಚ್ಚಿದರೆ ಯಾರಿಗೇನು ನಷ್ಟ? ನಾನೂ ಒಂದು ಕುರಿಯ ಕೊರಳಿಗೆ ಕೈ ಹಾಕಿದೆ. ಆಗ ಬಾಳವ್ವ, ‘ಹಂಗಾರ ಕೊಟ್ಟ ಕುರಿ ಒಂದಿನಾ ಕೊಟ್ಟವರ ದೊಡ್ಯಾಗ ಹೊಕ್ಕಂಗ ಆತಲ್ಲಜ್ಜಾ’ ಅಂದಳು. ಅವಳದು ದೂರಲ್ಲ, ಅನುಮಾನ ಅಷ್ಟೆ. ಅಜ್ಜನ ಮುಖ ಸಪ್ಪಗಾಯಿತು. ಹಿಂದಿರುಗಬಾರದ ಕುರಿಯನ್ನು ಹಿಂದಿರುಗಿಸಲು ಹೊರಟವನು ಅವನೇ ಆಗಿದ್ದ.

ನಾನು ದಾರ ಬಿಟ್ಟೆ. ಇವರ ವಿಮೆಯನ್ನು ಮುಚ್ಚಿಟ್ಟು ನಮ್ಮ ವಿಮೆ ಪಡೆಯುವುದು ನನಗೂ ಸರಿ ಬರಲಿಲ್ಲ. ‘ಯಾವುದೂ ಬಿಚ್ಚೂದು ಬ್ಯಾಡ. ಇದ್ದದ್ದು ಇದ್ದಂಗ ತೋರಸೂಣು. ಏನಾದ್ರೂ ಆಗಲಿ, ಸಾಹೇಬರಿಗೆ ನಾ ಹೇಳತೀನಿ’ ಅಂದೆ.

ಸಾಹೇಬರು ಮರುದಿನ ಎಸ್‌ಟಿ ಬಸ್ಸಿನಿಂದ ಇಳಿದರು. ಮರಾಠಿಯವರು, ವಯಸ್ಸು ಚಿಕ್ಕದು, ಬಿಳಿ ಪ್ಯಾಂಟು, ಕೈಯಲ್ಲಿ ಚರ್ಮದ ಚೀಲ. ಅಸಂಗಿಯ ಕೆಸರು ಆ ಪ್ಯಾಂಟಿನ ಬಣ್ಣವನ್ನು ಮೊಣಕಾಲವರೆಗೆ ಬದಲಿಸಿದರೂ ಅವರು ಮುಖ ಸಿಂಡರಿಸಲಿಲ್ಲ. ಅಷ್ಟರಲ್ಲೇ ನನಗೆ ಅವರು ಹಿಡಿಸಿದರು. ಬಾಳವ್ವ ಮಜ್ಜಿಗೆ ಕೊಟ್ಟಳು. ‘ಕುಂದ್ರಿ ಸಾಯೇಬರ’ ಎಂದು ಅಜ್ಜ ಕಂಬಳಿ ಹಾಸಿದ. ಸಾಹೇಬರು ಕುಳಿತರು, ಹಿಂಡಿನ ಕಡೆ ನೋಡಿದರು, ಲೋಟ ಬಾಯಿಯ ಹತ್ತಿರವೇ ನಿಂತಿತು. ಮೂರು ಬಿಲ್ಲೆಯ ಆ ದಪ್ಪ ಕುರಿ ನೇರವಾಗಿ ಅವರ ಬಳಿಗೇ ಬಂದು ಚೀಲ ಮೂಸಿ ನೋಡತೊಡಗಿತು.

ಸಾಹೇಬರು ಮೂರೂ ನಂಬರ್ ಓದಿ ಕಾಗದದ ಜೊತೆ ತಾಳೆ ನೋಡಿದರು. ಆಮೇಲೆ ಮರಾಠಿಯಲ್ಲಿ ನನ್ನನ್ನು ಕೇಳಿದರು: ‘ಈ ಒಂದು ಕುರಿ ಮೂರು ಸಲ ಸತ್ತಿದೆಯಲ್ಲ?’

ನಾನು ಇದ್ದದ್ದೆಲ್ಲ ಹೇಳಿದೆ. ಕಂಬಳಿ, ನೀರು, ಕಿವಿ ಗುರುತು, ಜ್ವಾಕಿ, ಯಾವುದನ್ನೂ ಬಿಡಲಿಲ್ಲ. ಅವರು ಅರ್ಧದಲ್ಲೇ ನಗತೊಡಗಿದರು. ನಗು ತಡೆಯಲಾರದೆ ಮಜ್ಜಿಗೆ ನೆತ್ತಿಗೇರಿ ಕೆಮ್ಮಿದರು, ಅಜ್ಜ ಅವರ ಬೆನ್ನು ತಟ್ಟಿದ. ಆದರೆ ನಗು ಮುಗಿದ ಮೇಲೆ ಮತ್ತೆ ಅಧಿಕಾರಿಯಾದರು. ‘ನಂಬುತ್ತೇನೆ. ಆದರೆ ನಾನು ನಂಬಿದರೆ ಸಾಲದು, ಬರೆದು ತೋರಿಸಬೇಕು. ಪುರಾವೆ ಏನಿದೆ?’

ಪುರಾವೆ ಹುಡುಕಿದವರೂ ಅವರೇ. ದಪ್ಪ ಕುರಿಯನ್ನು ಹಿಡಿದು ಅದರ ಎರಡೂ ಕಿವಿಗಳನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು. ಬಿಲ್ಲೆ ಹಾಕಿದ ತೂತು ಇರಲಿಲ್ಲ. ಇನ್ನೊಂದನ್ನು ನೋಡಿದರು, ಅದಕ್ಕೂ ಇಲ್ಲ. ಕೊರಳಲ್ಲಿ ಬಿಲ್ಲೆ ಇದ್ದ ಯಾವ ಕುರಿಯ ಕಿವಿಯಲ್ಲೂ ತೂತಿಲ್ಲ. ‘ಹಾಗಾದರೆ ತೂತಿದ್ದ ಕಿವಿಗಳು ಎಲ್ಲಿ?’ ಎಂದು ಕೇಳಿದರು. ಎಲ್ಲರೂ ಹಳ್ಳದ ದಂಡೆಯ ಗುಂಡಿಯ ಕಡೆ ನೋಡಿದೆವು.

ಗುಂಡಿ ತೆಗೆಸಬೇಕಾಯಿತು. ಅಜ್ಜನೇ ಸನಿಕೆ ಹಿಡಿದ, ನಾನು ಸೊಂಟ ಕಟ್ಟಿದೆ. ನಾಯಿ ನರಿ ಕೆದಕಬಾರದೆಂದು ಅವರು ಸತ್ತ ಕುರಿಗಳ ಮೇಲೆ ಉಪ್ಪು ಸುರಿದಿದ್ದರು. ನಾನು ಗಡಿಗೆಯಲ್ಲಿ ಹಾಕಿ ಅಂದಿದ್ದ ಉಪ್ಪು ಗುಂಡಿಯಲ್ಲಿ ಬಿದ್ದಿತ್ತು. ಕಿವಿಗಳು ಕೆಟ್ಟಿರಲಿಲ್ಲ. ವಾಸನೆಯ ಬಗ್ಗೆ ಮಾತ್ರ ಹೇಳದಿರುವುದೇ ಮೇಲು. ಸಾಹೇಬರು ಮೂಗಿಗೆ ಕರವಸ್ತ್ರ ಬಿಗಿದುಕೊಂಡು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ನಾನು ಒಂದೊಂದೇ ತಲೆ ಎತ್ತಿ ತೋರಿಸುವುದು, ಅವರು ಸೀಳಿದ ಕಿವಿ ನೋಡಿ ಬರೆಯುವುದು. ಪ್ರತಿ ಕಿವಿಯಲ್ಲೂ ಬಿಲ್ಲೆಯ ತೂತಿನಿಂದ ಅಂಚಿನವರೆಗೆ ಸೀಳಿದ ಗಾಯ. ಮುಗಿಯುವ ಹೊತ್ತಿಗೆ ಸೀಳಿದ ಕಿವಿಗಳಿಗೂ ಕೊರಳಿನ ಬಿಲ್ಲೆಗಳಿಗೂ ಲೆಕ್ಕ ಸರಿಯಾಗಿ ಹೊಂದಿತು. ಆ ಹೊತ್ತಿನಲ್ಲಿ ಅಜ್ಜ ದೂರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದ. ಸತ್ತ ಕುರಿಯನ್ನಾದರೂ ಯಾರೋ ಎಣಿಸುವುದನ್ನು ಕೇಳುವುದು ಅವನಿಗೆ ಬೇಕಿರಲಿಲ್ಲ.

ಕೈ ತೊಳೆದು ಬಂದ ಮೇಲೆ ಸಾಹೇಬರು ಕೊನೆಯ ಪ್ರಶ್ನೆ ಕೇಳಿದರು. ಬಾಳವ್ವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಆದರೂ ಉತ್ತರ ಕನ್ನಡದಲ್ಲೇ ಕೊಟ್ಟಳು, ನಾನು ಅದನ್ನು ಮರಾಠಿಗೆ ತಿರುಗಿಸುತ್ತ ಹೋದೆ. ಸಾಹೇಬರ ಪ್ರಶ್ನೆ ಇದು: ‘ನಿನಗೆ ಇಷ್ಟು ಕುರಿ ಬಂದಿವೆ. ಮತ್ತೆ ವಿಮೆಯೂ ಬೇಕು ಅನ್ನುತ್ತೀಯಲ್ಲ, ಹಾನಿ ತುಂಬಿಲ್ಲವೇ?’

‘ತುಂಬಿಲ್ರಿ ಸಾಯೇಬರ. ಈ ಕುರಿ ಕೊಟ್ಟವರೆಲ್ಲಾ ನನ್ನಂಗ ಬಡವ್ರು. ನಾಳೆ ಅವರ ಕಂಬಳಿ ಬಂದ್ರ ನಾ ಬಿಡಬೇಕು. ಬಿಡಾಕ ನನ್ನ ಹತ್ತರ ಹಿಂಡ ಇರದಿದ್ರ ಹ್ಯಾಂಗ ಬಿಡಲಿ? ನೀವು ಕೊಟ್ಟಿದ್ದು ನಾ ತಿಂದು ಹೋಗೂದಿಲ್ರಿ. ನನ್ನ ಕೈಯಿಂದ ಮತ್ತೊಬ್ಬರ ಮನಿಗೆ ಹೋಗತೈತಿ.’

ಸಾಹೇಬರು ಪಂಚನಾಮೆಯಲ್ಲಿ ನೆರೆಯವರು ಕೊಟ್ಟ ಕುರಿಗಳು ಭರಪಾಯಿಗೆ ಅಡ್ಡಿಯಾಗಲಾರವು ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು, ನನಗೆ ಓದಿ ತೋರಿಸಿದರು. ಪಂಚರಲ್ಲಿ ಅಜ್ಜನದೂ ಹೆಬ್ಬೆಟ್ಟು ಬಿತ್ತು. ಬಸ್ಸಿಗೆ ಹೋಗುವಾಗ ಅವರ ಬಿಳಿ ಪ್ಯಾಂಟು ನಮ್ಮ ಹೊಲದ ಮಣ್ಣಿನ ಬಣ್ಣಕ್ಕೆ ಬಂದಿತ್ತು.

ಭರಪಾಯಿ ಬಂತು. ಬಾಳವ್ವ ಸಂತೆಗೆ ಹೋಗಿ ಕುರಿ ಹಿಡಿದು ತಂದಳು. ಮಗಳು ಕೂಲಿಗೆ ಹೋಗಲಿಲ್ಲ. ಆ ವಾರವೇ ಹಿರಿಯಜ್ಜ ತನ್ನ ಹಿಂಡನ್ನು ತಾನಾಗಿಯೇ ದವಾಖಾನೆಯ ಮುಂದೆ ತಂದು ನಿಲ್ಲಿಸಿ, ‘ಲಗೂನ ಚುಚ್ಚ್ರಿ ಡಾಕ್ಟರ್ರ, ಮೋಡ ಆಗೈತಿ’ ಅಂದ. ನನಗೆ ಆದ ಸಂತೋಷಕ್ಕೆ ಅವತ್ತು ಬುಟ್ಟಿಯಲ್ಲಿ ಉಳಿದ ಬಿಲ್ಲೆ ಎಣಿಸುವಾಗ ನಾಲ್ಕು ಸಲ ತಪ್ಪಿದೆ.

ಅದರ ಹಿಂದೆಯೇ ನನಗೊಂದು ಮೆಮೊ ಬಂತು. ಮೇಲಿನ ಕಚೇರಿಯ ಯಾರೋ ಪಂಚನಾಮೆ ಓದಿ, ಒಂದೇ ಕುರಿಗೆ ಮೂರು ಬಿಲ್ಲೆ ಆಗುವವರೆಗೆ ಸ್ಟಾಕ್‌ಮನ್ ಏನು ಮಾಡುತ್ತಿದ್ದ ಎಂದು ಕೇಳಿದ್ದರು. ನಿಷ್ಕಾಳಜಿಗಾಗಿ ಆ ವರ್ಷದ ನನ್ನ ಇನ್‌ಕ್ರಿಮೆಂಟ್ ತಡೆದರು. ನಾನು ಸಿಟ್ಟಿನಲ್ಲಿ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆ ಹೊತ್ತಿಗೇ ಬಾಳವ್ವ ಮನೆಗೆ ತುಪ್ಪ ಕೊಡಲು ಬಂದಳು. ನನ್ನ ಮುಖ ನೋಡಿ ಹೆಂಡತಿಯನ್ನು ಕೇಳಿದಳು: ‘ಅವ್ವಾರ, ಡಾಕ್ಟರ್ರಿಗೆ ಏನಾಗೈತ್ರಿ?’

‘ಇನ್‌ಕ್ರಿಮೆಂಟ್ ನಿಂತೈತಿ.’

‘ಹಂಗಂದ್ರೇನ್ರಿ?’

ಹೆಂಡತಿ ಕುರಿಗಾರರ ಮಾತಿನಲ್ಲೇ ಬಿಡಿಸಿ ಹೇಳಿದಳು: ‘ಪಗಾರ ವರ್ಷಕ್ಕೊಂದು ಮರಿ ಹಾಕತೈತಿ ನೋಡವ್ವಾ. ಈ ವರ್ಷ ಹಾಕೂದಿಲ್ಲಂತ.’

ಬಾಳವ್ವ ಲೊಚಗುಟ್ಟಿ ಹೋದಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಕಟ್ಟೆಯ ಮುಂದೆ ಅವಳೂ ಒಂದು ಎಳೆಯ ಹೆಣ್ಣು ಕುರಿಯೂ ನಿಂತಿದ್ದರು. ಕುರಿಯ ಕೊರಳಲ್ಲಿ ಕರಿ ಉಣ್ಣೆ ದಾರ. ‘ನಿಮ್ಮದೂ ಹಾನಿ ಆತಲ್ರಿ. ಹೋಗಿದ್ದು ಒಂದ ಮರಿ, ಅದಕ್ಕ ಕಂಬಳಿ ತಿರಗಸಲಿಲ್ಲ. ನಾ ಒಬ್ಬಾಕಿನ ಸಾಕು ಅಂತ ತಂದೀನಿ.’

ನಾನು ಸರಕಾರಿ ನೌಕರ, ತೆಗೆದುಕೊಳ್ಳುವ ಹಾಗಿಲ್ಲ ಎಂದೆ. ಬಿಟ್ಟ ಕುರಿ ತಿರುಗಿ ಬರುವ ಹಾಗಿಲ್ಲ ಎಂದು ಅವಳು. ಇಬ್ಬರದೂ ಕಾಯದೆ. ಹೆಂಡತಿ ಕೈಯೊರೆಸುತ್ತ ಬಂದು ಜಗಳ ಮುಗಿಸಿದಳು: ‘ರೀ, ನೌಕರಿ ನಿಮ್ಮದು. ಕುರಿ ನಂದು. ಇದರ ಬದಲಿ ಬಾಳವ್ವನ ಹುಡುಗ್ಯಾರಿಗೆ ಎರಡು ಸೀರಿ ನಮ್ಮ ಅಪ್ಪನ ಅಂಗಡೀಲಿಂದ ಬರತಾವ.’ ಬಿಟ್ಟ ಕುರಿ ಕೊಟ್ಟವರ ದೊಡ್ಡಿ ಸೇರಬಾರದಲ್ಲ, ಆದ್ದರಿಂದ ಅದು ಹಿರಿಯಜ್ಜನ ಹಿಂಡಿನಲ್ಲಿ ಮೇಯಲಿ ಎಂದು ತೀರ್ಮಾನವಾಯಿತು. ಆದರೆ ಅದರ ಕಿವಿಗೆ ಗುರುತು ಬೇಕಲ್ಲ. ನಮ್ಮ ಮನೆತನಕ್ಕೆ ಕಿವಿ ಗುರುತು ಎಲ್ಲಿಂದ ಬರಬೇಕು? ಅಜ್ಜ ಬಂದು, ಯಾರ ಮನೆಯಲ್ಲೂ ಇಲ್ಲದ ಒಂದು ಸಣ್ಣ ಗುರುತನ್ನು ಕತ್ತರಿಸಿ ನಮಗೆಂದು ಕೊಟ್ಟ.

ಮುಂದಿನ ವರ್ಷ ಇನ್‌ಕ್ರಿಮೆಂಟ್ ಬಂತು, ಆ ಕುರಿಯೂ ಮರಿ ಹಾಕಿತು. ಎರಡರಲ್ಲಿ ಯಾವುದು ಹೆಚ್ಚು ಖುಷಿ ಕೊಟ್ಟಿತೆಂದು ಹೆಂಡತಿ ಈಗಲೂ ಕೇಳುತ್ತಾಳೆ.

ಆಮೇಲಿನ ಒಂದು ಮುಂಗಾರಿನಲ್ಲಿ ಬೆಳಗಿನ ಹೊತ್ತು ಹಿರಿಯಜ್ಜ ನಮ್ಮ ಕಟ್ಟೆಗೆ ಬಂದ. ನಾನು ‘ಬರ್ರಿ ಅಜ್ಜಾರ, ಕುಂದ್ರಿ’ ಅಂದೆ, ಅವನು ಕೂರಲಿಲ್ಲ. ‘ಒಂದೀಟು ನೀರ ಕೊಡ್ರಿ’ ಅಂದ. ನಾನು ಹೆಂಡತಿಗೆ ನೀರು ತಾ ಎಂದು ಕೂಗಿ, ಯಾವ ಕುರಿಗೆ ಏನು ಕಾಯಿಲೆ ಎಂದು ವಿಚಾರಿಸತೊಡಗಿದೆ. ಹೆಂಡತಿ ತಂಬಿಗೆ ಹಿಡಿದು ಬಂದು ಅವನ ಹೆಗಲ ಮೇಲೆ ನೋಡಿದಳು. ಅಲ್ಲಿ ಎರಡು ಕಂಬಳಿ ಇದ್ದವು. ಒಂದು ಅವನದು, ಮಡಿಸಿದ ಇನ್ನೊಂದು ಬೇರೆಯವರದು.

‘ಯಾರದಜ್ಜಾ?’ ಎಂದು ಮೆಲ್ಲಗೆ ಕೇಳಿದಳು.

‘ಬಾಲಗಾಂವದವರದು. ಸಿಡಿಲು ಬಡದೈತಿ.’

ಬಿಲ್ಲೆ ಇದೆಯೋ ಇಲ್ಲವೋ ಎಂದು ಕೇಳಲು ನಾನು ಬಾಯಿ ತೆರೆದೆ. ಹೆಂಡತಿ ಕಣ್ಣಿನಲ್ಲೇ ನನ್ನನ್ನು ಸುಮ್ಮನಿರಿಸಿ, ಒಳಗಿನಿಂದ ಅರಿಶಿನದ ಬಟ್ಟಲು ತಂದಳು. ಮೂವರೂ ಅಜ್ಜನ ದೊಡ್ಡಿಗೆ ಹೋದೆವು. ಹೆಂಡತಿ ನಮ್ಮ ಕುರಿಯ ಮಗಳನ್ನು ಹಿಂಡಿನಿಂದ ಹೊರಗೆ ತಂದು ಹಣೆಗೆ ಅರಿಶಿನ ಹಚ್ಚಿದಳು. ಬಾಳವ್ವ ತನ್ನದೂ ಒಂದನ್ನು ಆಗಲೇ ಅಲ್ಲಿಗೆ ತಂದು ಬಿಟ್ಟಿದ್ದಳು. ಕೊರಳಿಗೆ ದಾರ ಕಟ್ಟುವ ಕೆಲಸ ನನಗೆ ಕೊಟ್ಟರು.

ಅಜ್ಜ ಎರಡೂ ಕುರಿ ಹೊಡೆದುಕೊಂಡು ಹೊರಟವನು ತಿರುಗಿ ನಿಂತ. ‘ಡಾಕ್ಟರ್ರ, ಇನ್ನ ಮ್ಯಾಲ ಚಿಂತಿ ಬ್ಯಾಡ್ರಿ. ನಿಮಗೇನರ ಆದ್ರ ನಿಮ್ಮ ಕಂಬಳೀನೂ ತಿರಗತೈತಿ’ ಅಂದ.

ನಮ್ಮ ಮನೆಯಲ್ಲಿ ಕಂಬಳಿ ಇರಲಿಲ್ಲ. ಮುಂದಿನ ಸಂತೆಯಲ್ಲಿ ಮೊದಲು ಅದನ್ನು ಕೊಂಡೆ.